ಲ್ಯಾಬ್, ಫಾರ್ಮಸಿ, ಒಟಿ ಬಿಟ್ಟು ನರ್ಸಿಂಗ್‌ಗೆ: ನಡುವಯಸ್ಸಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯಲ್ಲೇ ಎಂಟು ಹತ್ತು ವರ್ಷ ಬೇರೆ ಕೆಲಸ ಮಾಡಿ, ಈಗ ನರ್ಸ್ ಆಗಬೇಕು ಅಂದುಕೊಂಡವರಿಗಾಗಿ ಇದನ್ನು ಬರೆದಿದ್ದೇವೆ. ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಒಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಎಕ್ಸ್‌ರೇ ಟೆಕ್ನಿಷಿಯನ್, ಆಂಬುಲೆನ್ಸ್ ಸಿಬ್ಬಂದಿ ಮುಖ್ಯವಾಗಿ ಮನಸ್ಸಿನಲ್ಲಿದ್ದಾರೆ. ನಿಯಮಗಳು ಕರ್ನಾಟಕದವು. ಹೊರದೇಶದ ಮಾತು ಕೊನೆಯ ಕಡೆಗೆ ಇದೆ.

ಹತ್ತು ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ. ಕೋರ್ಸ್‌ನಲ್ಲಿ ಒಂದು ವರ್ಷವಾದರೂ ಕಡಿಮೆ ಆಗುತ್ತದಾ?

ಒಂದು ದಿನವೂ ಕಡಿಮೆ ಆಗುವುದಿಲ್ಲ. ಡಿಎಂಎಲ್‌ಟಿ ಎಂಬ ಲ್ಯಾಬ್ ಡಿಪ್ಲೊಮಾ, ಡಿ.ಫಾರ್ಮ, ಬಿ.ಫಾರ್ಮ, ಒಟಿ ಡಿಪ್ಲೊಮಾ, ಯಾವುದಿದ್ದರೂ ನರ್ಸಿಂಗ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಪ್ರವೇಶ ಇಲ್ಲ. ಅನಾಟಮಿ, ಫಾರ್ಮಕಾಲಜಿ ಮೊದಲೇ ಪಾಸಾಗಿದ್ದರೂ ಮತ್ತೆ ಕೂತು ಬರೆಯಬೇಕು. ಮೇಲೆ ಹತ್ತುವ ಮೆಟ್ಟಿಲು ನರ್ಸಿಂಗ್‌ನ ಒಳಗೆ ಮಾತ್ರ ಇದೆ: ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್) ಮಾಡಿದವರು ಜಿಎನ್‌ಎಂಗೆ (ಜನರಲ್ ನರ್ಸಿಂಗ್ ಡಿಪ್ಲೊಮಾ), ಜಿಎನ್‌ಎಂ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿಗೆ. "ನಿಮ್ಮ ಅನುಭವಕ್ಕೆ ಒಂದು ವರ್ಷ ಬಿಟ್ಟುಕೊಡಿಸುತ್ತೇವೆ" ಎಂದು ಯಾವ ಏಜೆಂಟ್ ಹೇಳಿದರೂ ಅಲ್ಲಿಂದ ಎದ್ದು ಬನ್ನಿ.

ಹಾಗಂತ ಅನುಭವ ಹಾಳಾಗುವುದಿಲ್ಲ. ಅದರ ಲಾಭ ಸಿಗುವುದು ಕಾಲೇಜಿನ ಕಚೇರಿಯಲ್ಲಿ ಅಲ್ಲ, ವಾರ್ಡಿನಲ್ಲಿ. ಅಲ್ಲೂ ಕೆಲವು ಹಳೆಯ ರೂಢಿಗಳನ್ನು ಕೈಬಿಟ್ಟರೆ ಮಾತ್ರ. ಆ ವಿಷಯ ಮುಂದೆ ಬರುತ್ತದೆ.

ನನಗೆ 34. ತಡವಾಯಿತಾ?

ಜಿಎನ್‌ಎಂಗಾದರೆ ಬಾಗಿಲು ಮುಚ್ಚುವ ಹೊತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ, ಅಂದರೆ ಐಎನ್‌ಸಿಯ ನಿಯಮದಲ್ಲಿ ಜಿಎನ್‌ಎಂ ಪ್ರವೇಶಕ್ಕೆ ಕನಿಷ್ಠ 17, ಗರಿಷ್ಠ 35 ವರ್ಷ. ಈಗಾಗಲೇ ಎಎನ್‌ಎಂ ಆಗಿರುವವರಿಗೆ ಈ ಗರಿಷ್ಠ ಮಿತಿ ಇಲ್ಲ. ಎಎನ್‌ಎಂ ಕೋರ್ಸ್ ಸೇರಲೂ 35ರ ಮಿತಿ ಇದೆ, ಮತ್ತು ಅದು ಮಹಿಳೆಯರಿಗೆ ಮಾತ್ರ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್‌ಗೆ ಐಎನ್‌ಸಿ ಹೇಳುವುದು ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು ಎಂದು. ಗರಿಷ್ಠ ಮಿತಿಯನ್ನು ಕೆಲವು ರಾಜ್ಯಗಳು ತಮ್ಮ ಪ್ರಕಟಣೆಯಲ್ಲಿ ಹಾಕಿಕೊಳ್ಳುತ್ತವೆ. ಹಾಗಾಗಿ ನೀವು ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನೇ ಓದಿ. ಹೋದ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ.

ವಯಸ್ಸಿನ ಲೆಕ್ಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹುಟ್ಟಿದ ದಿನವೇ ಪ್ರಮಾಣ. ಮನೆಯವರು ಶಾಲೆಗೆ ಸೇರಿಸುವಾಗ ಆರು ತಿಂಗಳು ಹಿಂದೆ ಮುಂದೆ ಬರೆಸಿದ್ದರೆ, ಅದೇ ಈಗ ನಿಮ್ಮ ಹುಟ್ಟುಹಬ್ಬ.

ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷದ ಪ್ಯಾರಾಮೆಡಿಕಲ್ ಡಿಪ್ಲೊಮಾ ಮಾಡಿದೆ. ಅದು ಪಿಯುಸಿಗೆ ಸಮ ಅಲ್ಲವೇ?

ನರ್ಸಿಂಗ್ ಪ್ರವೇಶಕ್ಕೆ ಅದನ್ನು ನೆಚ್ಚಿಕೊಂಡು ಹೋಗಬೇಡಿ. ಅತಿ ಹೆಚ್ಚು ಜನ ಮುಗ್ಗರಿಸುವ ಜಾಗ ಇದು. ಜಿಎನ್‌ಎಂಗೆ ಪಿಯುಸಿ ಬೇಕು. ಯಾವ ವಿಭಾಗವಾದರೂ ಸರಿ, ಕಲೆ, ವಾಣಿಜ್ಯ, ವಿಜ್ಞಾನ. ಆದರೆ ಒಟ್ಟು ಶೇ 40 ಇರಬೇಕು, ಇಂಗ್ಲಿಷ್‌ನಲ್ಲಿ ಪ್ರತ್ಯೇಕವಾಗಿಯೂ 40 ಇರಬೇಕು. ಇಂಗ್ಲಿಷ್‌ನಲ್ಲಿ 35 ತೆಗೆದು "ಪಾಸಾಯಿತಲ್ಲ" ಎಂದು ನೆಮ್ಮದಿಯಾಗಿದ್ದವರು ಹದಿನೈದು ವರ್ಷದ ನಂತರ ಇಲ್ಲಿ ಸಿಕ್ಕಿಬೀಳುತ್ತಾರೆ.

ಬಿಎಸ್‌ಸಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು, ಶೇ 45 ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40.

ಪಿಯುಸಿ ಇಲ್ಲದವರಿಗೆ ಎರಡು ದಾರಿ. ಜಿಎನ್‌ಎಂ ಸಾಕು ಎಂದಾದರೆ ಕಲೆ ಅಥವಾ ವಾಣಿಜ್ಯದಲ್ಲಿ ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿಯುಸಿ ಕಟ್ಟಬಹುದು. ಬಿಎಸ್‌ಸಿ ಬೇಕಾದರೆ ವಿಜ್ಞಾನ ಬೇಕು, ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು. ಆಗ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್ ಮೂಲಕ ಮೂರೂ ವಿಜ್ಞಾನ ವಿಷಯ ಮತ್ತು ಇಂಗ್ಲಿಷ್ ತೆಗೆದುಕೊಳ್ಳಿ. ಐಎನ್‌ಸಿ ಅದನ್ನು ಒಪ್ಪುತ್ತದೆ. ನಾಲ್ಕರಲ್ಲಿ ಒಂದನ್ನು ಬಿಟ್ಟು ಸುಲಭದ ಬೇರೆ ವಿಷಯ ಆರಿಸಿದರೆ ಇಡೀ ವರ್ಷ ದಂಡ.

ಜಿಎನ್‌ಎಂ ಮಾಡಲೋ, ಬಿಎಸ್‌ಸಿ ಮಾಡಲೋ?

ಜಿಎನ್‌ಎಂ ಈಗ ಮೂರು ವರ್ಷ; ಇಂಟರ್ನ್‌ಶಿಪ್ ಅದರಲ್ಲೇ ಸೇರಿದೆ. ಬಿಎಸ್‌ಸಿ ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಕೊನೆಯದು ಪೂರ್ತಿ ಇಂಟರ್ನ್‌ಶಿಪ್. ಜಿಎನ್‌ಎಂ ಮಾಡಿ ಆಮೇಲೆ ಪೋಸ್ಟ್ ಬೇಸಿಕ್ ಅಂದರೆ ಒಟ್ಟು ಐದು ವರ್ಷ. ಆದರೆ ಮೂರನೇ ವರ್ಷದ ಕೊನೆಗೇ ಸಂಬಳ ಶುರುವಾಗುತ್ತದೆ, ಮುಂದಿನ ಎರಡು ವರ್ಷವನ್ನು ಕೈ ಆಡುವಾಗ ಓದಬಹುದು.

ನಮ್ಮ ಅಭಿಪ್ರಾಯ ಕೇಳಿದರೆ: ಮನೆಯಲ್ಲಿ ಓದುವ ಮಕ್ಕಳಿದ್ದು, ಇನ್ನೊಬ್ಬರ ಸಂಬಳದಲ್ಲಿ ಮೂರು ವರ್ಷ ತಳ್ಳುವುದೇ ಕಷ್ಟ ಎಂದಾದರೆ ಜಿಎನ್‌ಎಂ. ಮುಂದೆ ಪಾಠ ಹೇಳುವ, ಹೊರದೇಶಕ್ಕೆ ಹೋಗುವ ಯೋಚನೆ ಇದ್ದು, ಪಿಯುಸಿ ವಿಜ್ಞಾನ ಕೈಯಲ್ಲಿದ್ದರೆ ಬಿಎಸ್‌ಸಿ. ಎಂ.ಎಸ್‌ಸಿ ನರ್ಸಿಂಗ್‌ಗೆ ಬಿಎಸ್‌ಸಿ ಮತ್ತು ಒಂದು ವರ್ಷದ ಅನುಭವ ಬೇಕೇ ಬೇಕು.

ಆರು ತಿಂಗಳ "ನರ್ಸಿಂಗ್ ಅಸಿಸ್ಟೆಂಟ್" ಕೋರ್ಸ್ ಮಾಡಿದರೆ?

ನೀವು ನರ್ಸ್ ಆಗುವುದಿಲ್ಲ, ಸಹಾಯಕರಾಗುತ್ತೀರಿ. ಅದೂ ಮರ್ಯಾದೆಯ ಕೆಲಸವೇ, ಆದರೆ ನೋಂದಣಿ ಇಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ದಾಖಲೆಗೆ ಹೆಸರು ಸೇರಬೇಕಾದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್‌ಸಿ ಇವುಗಳಲ್ಲೊಂದು ಆಗಿರಬೇಕು. ಈಗಾಗಲೇ ಲ್ಯಾಬ್ ಟೆಕ್ನಿಷಿಯನ್ ಆಗಿರುವವರು ಇಂಥ ಕೋರ್ಸಿಗೆ ದುಡ್ಡು ಸುರಿಯುವುದು ಎಂದರೆ ಏಣಿ ಇಳಿಯಲು ಬಾಡಿಗೆ ಕೊಟ್ಟಂತೆ.

ಕೆಲಸ ಮಾಡುತ್ತ ಓದಲು ಆಗುತ್ತದಾ? ಕರೆಸ್ಪಾಂಡೆನ್ಸ್ ಇದೆಯಾ?

ಜಿಎನ್‌ಎಂ, ಬಿಎಸ್‌ಸಿ ಅಂಚೆ ಶಿಕ್ಷಣದಲ್ಲಿ ಇಲ್ಲ. ಬಿಎಸ್‌ಸಿಯಲ್ಲಿ ಥಿಯರಿಗೆ ಶೇ 80 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಪದವಿ ಕೈಗೆ ಬರುವ ಮುಂಚೆ ಶೇ 100 ತುಂಬಿರಬೇಕು. ವಾರಕ್ಕೆ 40 ಗಂಟೆ ಕಾಲೇಜು ಮತ್ತು ವಾರ್ಡ್. ಮಗುವಿಗೆ ಜ್ವರ ಬಂದು ನಾಲ್ಕು ದಿನ ಮನೆಯಲ್ಲಿ ಕೂತರೆ ಆ ನಾಲ್ಕು ದಿನವನ್ನು ರಜೆಯಲ್ಲಿ ವಾರ್ಡಿಗೆ ಬಂದು ತೀರಿಸಬೇಕು.

"ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು" ಎನ್ನುವ ಕಾಲೇಜುಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬೆಲೆ ಗೊತ್ತಾಗುವುದು ಮೊದಲ ಕೆಲಸದ ಮೊದಲ ನೈಟ್ ಡ್ಯೂಟಿಯಲ್ಲಿ, 30 ಬೆಡ್‌ನ ವಾರ್ಡಿನಲ್ಲಿ ನೀವೊಬ್ಬರೇ ಇದ್ದಾಗ. ಭಾನುವಾರ ಅಥವಾ ರಾತ್ರಿ ಹೊತ್ತು ಹಳೆಯ ಲ್ಯಾಬ್‌ನಲ್ಲಿ ಬಿಡಿ ಕೆಲಸ ಮಾಡಿಕೊಂಡು ಓದಿದವರಿದ್ದಾರೆ. ಮೊದಲ ಎರಡು ಸೆಮಿಸ್ಟರ್ ಅದು ನಡೆಯುತ್ತದೆ. ವಿದ್ಯಾರ್ಥಿಗಳಿಗೂ ಸಂಜೆ, ರಾತ್ರಿ ಪೋಸ್ಟಿಂಗ್ ಶುರುವಾದ ಮೇಲೆ ನಡೆಯುವುದಿಲ್ಲ.

ಬಿಎಸ್‌ಸಿಯನ್ನು ಗರಿಷ್ಠ 8 ವರ್ಷದೊಳಗೆ ಮುಗಿಸಬೇಕು ಎನ್ನುವುದೂ ನೆನಪಿರಲಿ.

ಕಾಲೇಜು ಅಸಲಿಯೋ ಎಂದು ಹೇಗೆ ನೋಡುವುದು?

ಬಿಎಸ್‌ಸಿಗಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆ ವರ್ಷದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ, ಮಂಜೂರಾದ ಸೀಟಿನ ಸಂಖ್ಯೆ ಸಮೇತ ಹೆಸರಿರಬೇಕು. ಕಾಲೇಜು ಬೇರೆ ವಿಶ್ವವಿದ್ಯಾಲಯದ್ದಾಗಿದ್ದರೆ ಆ ವಿಶ್ವವಿದ್ಯಾಲಯದ ಪಟ್ಟಿ ನೋಡಿ. ಜಿಎನ್‌ಎಂಗೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಇವುಗಳ ಜೊತೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ. ಹೊರರಾಜ್ಯದಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಐಎನ್‌ಸಿ ಒಪ್ಪಿಗೆಯನ್ನೂ ನೋಡಿ, ನೋಂದಣಿ ವರ್ಗಾಯಿಸುವಾಗ ಅದನ್ನು ಕೇಳುತ್ತಾರೆ.

ಇದೆಲ್ಲ ಕಾಗದದ ಮಾತು. ಕಾಗದಕ್ಕಿಂತ ಮುಖ್ಯ ಇನ್ನೊಂದಿದೆ: ಕ್ಲಿನಿಕಲ್ ಪೋಸ್ಟಿಂಗ್ ಎಲ್ಲಿ? ಆಸ್ಪತ್ರೆಯ ಹೆಸರು ಕೇಳಿ, ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು ನೋಡಿ. ಬೆಡ್‌ಗಳಲ್ಲಿ ರೋಗಿಗಳಿದ್ದಾರಾ? ಹೆರಿಗೆ ವಾರ್ಡ್ ನಡೆಯುತ್ತಿದೆಯಾ? ಒಂದೇ ವಾರ್ಡಿನಲ್ಲಿ ನಾಲ್ಕು ಕಾಲೇಜಿನ ಯೂನಿಫಾರ್ಮ್ ಕಂಡರೆ, ಒಂದು ಇಂಜೆಕ್ಷನ್‌ಗೆ ಹತ್ತು ಜನ ಕೈ ಚಾಚುತ್ತಿದ್ದಾರೆ ಎಂದೇ ಅರ್ಥ.

ದಾಖಲೆಗಳಲ್ಲಿ ಏನು ಎಡವಟ್ಟಾಗುತ್ತದೆ?

ಹದಿನೆಂಟರ ಹುಡುಗ ಹುಡುಗಿಯರಿಗೆ ಬಾರದ ತೊಂದರೆಗಳು ನಿಮಗೆ ಬರುತ್ತವೆ. ಟಿಸಿ ಮತ್ತು ಮೈಗ್ರೇಶನ್ ಹಳೆಯ ಕಾಲೇಜಿಗೆ ಕೊಟ್ಟು ಮರೆತಿರುತ್ತೀರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಸೀಟು ಬೇಕಾದರೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ. ನೀವು ಓದಿದ ಖಾಸಗಿ ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲೇ ಹುಡುಕಿಸಬೇಕು. ಇದಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ.

ಮದುವೆಯಾದ ಮಹಿಳೆಯರಿಗೆ ಹೆಸರಿನ ರಗಳೆ. ಎಸ್‌ಎಸ್‌ಎಲ್‌ಸಿಯಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದ ಮೂರನೇ ರೂಪ. ನರ್ಸಿಂಗ್ ನೋಂದಣಿ, ಐಎನ್‌ಸಿಯ ಆನ್‌ಲೈನ್ ದಾಖಲೆಯ ಗುರುತಿನ ಸಂಖ್ಯೆ, ಮುಂದೆ ವೀಸಾ, ಎಲ್ಲ ಕಡೆ ಇದು ಕಾಡುತ್ತದೆ. ಪ್ರವೇಶಕ್ಕೆ ಮುಂಚೆಯೇ ಆಧಾರ್ ಅನ್ನು ಎಸ್‌ಎಸ್‌ಎಲ್‌ಸಿಗೆ ಹೊಂದಿಸಿಬಿಡಿ. ಕೋರ್ಸ್ ಮುಗಿದ ಮೇಲೆ ಅಂಕಪಟ್ಟಿ ತಿದ್ದಿಸುವುದಕ್ಕಿಂತ ಇದು ನೂರು ಪಾಲು ಹಗುರ.

ಹಳೆಯ ಕೆಲಸ ವಾರ್ಡಿನಲ್ಲಿ ಎಲ್ಲಿ ಉಪಯೋಗ, ಎಲ್ಲಿ ತೊಡಕು?

ಲ್ಯಾಬ್‌ನಿಂದ ಬಂದವರಿಗೆ ರಕ್ತನಾಳ ಸಿಗುತ್ತದೆ, ಬೆರಳಿಗೇ ಗೊತ್ತಿರುತ್ತದೆ. ಆದರೆ ರಕ್ತ ತೆಗೆಯುವ ಕೈ ಬೇರೆ, ಕ್ಯಾನುಲಾ ಹಾಕುವ ಕೈ ಬೇರೆ. ಸ್ಯಾಂಪಲ್ ತೆಗೆಯುವಾಗ ರಕ್ತ ಕಂಡರೆ ಕೆಲಸ ಮುಗಿದಂತೆ, ಅಲ್ಲೇ ನಿಲ್ಲುತ್ತೀರಿ. ಕ್ಯಾನುಲಾದಲ್ಲಿ ಹಿಂಬದಿಯ ಕೋಣೆಗೆ ರಕ್ತ ಬಂದಾಗ ಒಳಗೆ ಹೋಗಿರುವುದು ಸೂಜಿಯ ತುದಿ ಮಾತ್ರ, ಪ್ಲಾಸ್ಟಿಕ್ ನಳಿಗೆ ಇನ್ನೂ ಗೋಡೆಯ ಹೊರಗಿದೆ. ಆಗ ಕೋನ ತಗ್ಗಿಸಿ, ಸೂಜಿ ಸಮೇತ ಒಂದೆರಡು ಮಿಲಿಮೀಟರ್ ಮುಂದೆ ತಳ್ಳಿ, ಆಮೇಲೆ ಸೂಜಿ ಹಿಡಿದುಕೊಂಡು ನಳಿಗೆಯನ್ನು ಜಾರಿಸಬೇಕು. ರಕ್ತ ಕಂಡ ತಕ್ಷಣ ಸೂಜಿ ಎಳೆದರೆ ನಳಿಗೆ ಮಡಚುತ್ತದೆ, ಜಾಗ ಉಬ್ಬುತ್ತದೆ. ಇನ್ನೊಂದು ರೂಢಿ, ಮೊಣಕೈ ಮಡಿಕೆಯ ದಪ್ಪ ನಾಳಕ್ಕೇ ಕೈ ಹೋಗುವುದು. ಸ್ಯಾಂಪಲ್‌ಗೆ ಅದು ಸರಿ. ಡ್ರಿಪ್‌ಗೆ ಅಲ್ಲಿ ಹಾಕಿದರೆ ರೋಗಿ ಕೈ ಮಡಚಿದಾಗಲೆಲ್ಲ ನಿಲ್ಲುತ್ತದೆ. ಮುಂಗೈ ನೋಡಿ. ಅಳತೆಯೂ ಬಾಯಿಪಾಠವಾಗಲಿ: ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ರಕ್ತ ಏರಿಸುವ ಅಥವಾ ಆಪರೇಷನ್‌ಗೆ ಹೋಗುವ ದೊಡ್ಡವರಿಗೆ ಸಾಮಾನ್ಯವಾಗಿ ಹಸಿರು.

ಇವರ ದೊಡ್ಡ ಬಲ ಬೇರೆಯದು. ಪೊಟ್ಯಾಸಿಯಂ 6.2 ಎಂದು ರಿಪೋರ್ಟ್ ಬಂದಾಗ "ಸ್ಯಾಂಪಲ್ ಹಿಮೋಲೈಸ್ ಆಗಿತ್ತಾ?" (ಕೆಂಪು ರಕ್ತಕಣ ಒಡೆದು ಅಂಕಿ ಸುಳ್ಳಾಗಿ ಏರಿತಾ?) ಎಂಬ ಪ್ರಶ್ನೆ ಇವರಿಗೆ ತಾನಾಗಿ ಹೊಳೆಯುತ್ತದೆ. ಆದರೆ ನರ್ಸ್ ಆಗಿ ಆ ಪ್ರಶ್ನೆ ಎರಡನೆಯದು. ಮೊದಲು ಡಾಕ್ಟರಿಗೆ ಹೇಳಿ, ಇಸಿಜಿ ತೆಗೆದು, ಮತ್ತೆ ಸ್ಯಾಂಪಲ್ ಕಳಿಸಬೇಕು.

ಫಾರ್ಮಸಿಸ್ಟ್‌ಗಳಿಗೆ ಔಷಧದ ಹೆಸರು, ಪ್ರಮಾಣ, ಯಾವುದರ ಜೊತೆ ಯಾವುದು ಕೂಡದು ಎಲ್ಲ ಗೊತ್ತು. ಫೆನಿಟಾಯಿನ್ ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಗೊತ್ತಿಲ್ಲದ್ದು ವೇಗ. ಅದೇ ಫೆನಿಟಾಯಿನ್ ದೊಡ್ಡವರಿಗೆ ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು, ಮೀರಿದರೆ ಬಿಪಿ ಬೀಳುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿ.ಲೀ ಆಂಪೂಲ್ ಅಂಗಡಿ ಕಪಾಟಿನಲ್ಲಿ ಇನ್ನೊಂದು ಆಂಪೂಲ್ ಅಷ್ಟೆ. ವಾರ್ಡಿನಲ್ಲಿ ಅದನ್ನು ದುರ್ಬಲಗೊಳಿಸದೆ ನೇರ ನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ.

ಒಟಿ ಟೆಕ್ನಿಷಿಯನ್‌ಗಳ ಸ್ಟೆರೈಲ್ ಶಿಸ್ತು ಮೂರನೇ ವರ್ಷದ ವಿದ್ಯಾರ್ಥಿಗಳನ್ನೂ ನಾಚಿಸುತ್ತದೆ. ಅವರಿಗೆ ಒಗ್ಗದ್ದು ಎಚ್ಚರವಾಗಿರುವ ರೋಗಿ. ಡ್ರೆಸ್ಸಿಂಗ್ ಬಿಚ್ಚುವಾಗ "ಸ್ವಲ್ಪ ನೋವಾಗುತ್ತೆ ಅಜ್ಜಿ, ಉಸಿರು ಎಳ್ಕೊಳ್ಳಿ" ಎನ್ನುವ ಮಾತು ಕೂಡ ಕೆಲಸದ ಭಾಗವೇ.

ಆಂಬುಲೆನ್ಸ್‌ನಿಂದ ಬಂದವರು ಕುಸಿದು ಬಿದ್ದವರನ್ನು ಎತ್ತುವುದರಲ್ಲಿ ನಿಪುಣರು. ವಾರ್ಡಿನಲ್ಲಿ ರೋಗಿ ಕುಸಿಯುವುದು ನಿಧಾನವಾಗಿ: ಸಂಜೆ ಉಸಿರಾಟ 16, ರಾತ್ರಿ 20, ನಡುರಾತ್ರಿ 26. 60 ಕೆಜಿ ತೂಕದವರ ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕೆಳಗೆ ಇಳಿಯಿತು. ಬಿಪಿ ಇನ್ನೂ ಸರಿಯಾಗೇ ಇದೆ. ಆಗಲೇ ಫೋನ್ ಮಾಡುವವರು ಒಳ್ಳೆಯ ನರ್ಸ್. ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಎಲ್ಲರಿಗೂ ಉಸಿರಾಟ 20 ಎಂದು ಕಣ್ಣುಮುಚ್ಚಿ ಬರೆಯುವ ಚಟ ಎಲ್ಲ ಕಡೆ ಇದೆ, ನೀವು ಅದನ್ನು ಕಲಿಯಬೇಡಿ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ.

ಲೆಕ್ಕ ಬಿಟ್ಟು ಇಪ್ಪತ್ತು ವರ್ಷ ಆಯಿತು. ಡೋಸ್ ಲೆಕ್ಕ ಕಷ್ಟವಾ?

ಗುಣಾಕಾರ, ಭಾಗಾಕಾರ ಅಷ್ಟೆ. 500 ಮಿ.ಲೀ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ ಮಿ.ಲೀ.ಗೆ 20 ಹನಿಯದ್ದು. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ: ನಿಮಿಷಕ್ಕೆ ಸುಮಾರು 42 ಹನಿ. ಸೆಟ್‌ನ ಪ್ಯಾಕೆಟ್ ಮೇಲೆ 15 ಎಂದಿದ್ದರೆ ಉತ್ತರ ಬದಲಾಗುತ್ತದೆ, ಪ್ಯಾಕೆಟ್ ಓದದೆ ಹನಿ ಕಟ್ಟಬೇಡಿ.

ಜನ ತಪ್ಪುವುದು ಸಿರಿಂಜ್ ಪಂಪ್ ಲೆಕ್ಕದಲ್ಲಿ. 60 ಕೆಜಿ ರೋಗಿ, ಬಿಪಿ ಏರಿಸುವ ಡೋಪಮಿನ್ ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 300 ಮೈಕ್ರೋಗ್ರಾಂ, ಗಂಟೆಗೆ 18,000, ಅಂದರೆ 18 ಮಿ.ಗ್ರಾಂ. 50 ಮಿ.ಲೀ.ಯಲ್ಲಿ 200 ಮಿ.ಗ್ರಾಂ ಬೆರೆಸಿದ್ದರೆ ಮಿ.ಲೀ.ಗೆ 4 ಮಿ.ಗ್ರಾಂ. ಪಂಪ್ ಗಂಟೆಗೆ 4.5 ಮಿ.ಲೀ. ಮಾಮೂಲಿ ತಪ್ಪು ಎರಡು: ನಿಮಿಷವನ್ನು ಗಂಟೆಗೆ ಬದಲಿಸಲು ಮರೆಯುವುದು, 5 ಮಿ.ಲೀ ಆಂಪೂಲ್‌ಗೆ 45 ಸೇರಿಸುವ ಬದಲು 50 ಸಲೈನ್ ಸೇರಿಸಿ 55 ಮಾಡಿಬಿಡುವುದು. ದಿನಕ್ಕೆ ಐದು ಲೆಕ್ಕದಂತೆ ಎರಡು ತಿಂಗಳು ಮಾಡಿದರೆ ಕೈ ಕೂರುತ್ತದೆ.

ದೇಹ ತಡೆಯುತ್ತದಾ?

ಬೆನ್ನು ಮೊದಲು ಕೈಕೊಡುತ್ತದೆ. ರೋಗಿಯನ್ನು ಮೇಲೆ ಸರಿಸುವ ಮುಂಚೆ ಬೆಡ್ ಅನ್ನು ಸೊಂಟದ ಮಟ್ಟಕ್ಕೆ ಎತ್ತರಿಸಿ, ಕೆಳಗಿನ ಡ್ರಾಶೀಟ್ ಹಿಡಿದು ಇಬ್ಬರು ಎಳೆಯಿರಿ, ಕಂಕುಳಿಗೆ ಕೈ ಹಾಕಿ ಒಬ್ಬರೇ ಎತ್ತಬೇಡಿ. ಬೆಡ್‌ನ ಹ್ಯಾಂಡಲ್ ಕೆಟ್ಟಿರುವುದೇ ಹೆಚ್ಚು, ಆಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ. ಶಿಫ್ಟ್ ಬಹಳ ಕಡೆ ಬೆಳಿಗ್ಗೆ 8ರಿಂದ 2, 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ನೈಟ್ ಡ್ಯೂಟಿಯ ಊಟ, ಮಾತ್ರೆಯ ಹೊತ್ತನ್ನು ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್. ಹಳೆಯ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಆಂಟಿಬಾಡಿ ಮಟ್ಟ 10ಕ್ಕಿಂತ ಕೆಳಗಿಲ್ಲ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.

ಕ್ಲಾಸಿನಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಇನ್‌ಚಾರ್ಜ್ ಸಿಸ್ಟರ್‌ಗೂ 27.

ವಾರ್ಡಿನಲ್ಲಿ ಅವರು ಸಿಸ್ಟರ್, ನೀವು ಸ್ಟೂಡೆಂಟ್. ಹುಡುಗರು ನಿಮ್ಮನ್ನು ಅಕ್ಕ, ಆಂಟಿ ಅನ್ನುತ್ತಾರೆ, ಅನ್ನಲಿ. "ನಮ್ಮ ಲ್ಯಾಬ್‌ನಲ್ಲಿ ಹೀಗೆ ಮಾಡ್ತಿದ್ವಿ" ಎಂಬ ಮಾತನ್ನು ಮೊದಲ ಆರು ತಿಂಗಳು ಬಾಯಿಗೆ ತರಬೇಡಿ. ಬೆಡ್‌ಪ್ಯಾನ್ ಕೊಡುವುದು, ಬಾಯಿ ಸ್ವಚ್ಛ ಮಾಡುವುದು, ಬೆಡ್‌ಸೋರ್ ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮೊದಲ ವರ್ಷದ ಕೆಲಸ. ಕೋಟು ಹಾಕಿಕೊಂಡು ರಿಪೋರ್ಟಿಗೆ ಸಹಿ ಮಾಡಿದವರಿಗೆ ಇಲ್ಲಿ ಮನಸ್ಸು ಮುದುಡುತ್ತದೆ. ನಡುವೆ ಬಿಟ್ಟುಹೋಗುವ ಹಿರಿಯರು ಪಾಠಕ್ಕಿಂತ ಹೆಚ್ಚು ಇದಕ್ಕೇ ಬಿಡುತ್ತಾರೆ.

ಸರ್ಕಾರಿ ಕೆಲಸ ಸಿಗಬಹುದಾ?

ಲೆಕ್ಕ ಹಾಕಿ ನೋಡಿ. ರಾಜ್ಯದ ನೇರ ನೇಮಕಾತಿಯ ಸಾಮಾನ್ಯ ನಿಯಮದಲ್ಲಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40. ಆಗೊಮ್ಮೆ ಈಗೊಮ್ಮೆ ಸಡಿಲಿಕೆ ಬರುತ್ತದೆ, ಅದನ್ನು ನಂಬಿ ಬದುಕು ಕಟ್ಟುವಂತಿಲ್ಲ. ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಮಿತಿ 30, ಮೀಸಲಾತಿ ಸಡಿಲಿಕೆ ಬೇರೆ. ಅಲ್ಲಿ ಮೂಲ ವೇತನ 44,900 ಎಂದು ಕೇಳಿ ಆಸೆಪಡುವವರು ಈ 30ನ್ನು ಮೊದಲು ನೋಡಲಿ. 34ಕ್ಕೆ ಜಿಎನ್‌ಎಂ ಸೇರುವವರು ಮುಗಿಸುವುದು 37ಕ್ಕೆ.

ಈಗಾಗಲೇ ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಅಥವಾ ಫಾರ್ಮಸಿ ಅಧಿಕಾರಿ ಆಗಿದ್ದರೆ, ನಮ್ಮ ಮಾತು ಕೇಳಿ, ಬಿಡಬೇಡಿ.

ಖಾಸಗಿಯಲ್ಲಿ ಸಂಬಳ?

ಸುಪ್ರೀಂ ಕೋರ್ಟ್ ಸೂಚನೆಯ ಮೇರೆಗೆ ರಚನೆಯಾದ ಸಮಿತಿ 2016ರಲ್ಲಿ ಕೊಟ್ಟ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಬೆಡ್ ಇದ್ದರೆ ಸರ್ಕಾರಿ ನರ್ಸ್‌ಗೆ ಸಮ, 100 ಮೀರಿದರೆ ಸರ್ಕಾರಿ ಸಂಬಳಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿತ ಇರಬಾರದು, 50ರಿಂದ 100ಕ್ಕೆ ಶೇ 25ಕ್ಕಿಂತ ಹೆಚ್ಚು ಕಡಿತ ಇರಬಾರದು, 50ಕ್ಕಿಂತ ಚಿಕ್ಕದಾದರೆ ತಿಂಗಳಿಗೆ 20,000ಕ್ಕಿಂತ ಕೆಳಗಿಲ್ಲ. ಎಲ್ಲ ಕಡೆ ಪಾಲನೆಯಾಗುತ್ತಿಲ್ಲ. ಸಂದರ್ಶನದಲ್ಲಿ ಈ ಅಂಕಿ ನಿಮ್ಮ ತಲೆಯಲ್ಲಿರಲಿ. ಹಳೆಯ ಅನುಭವಕ್ಕೆ ಬೆಲೆ ಸಿಗುವ ಜಾಗಗಳೂ ಇವೆ: ಒಟಿಯವರಿಗೆ ಒಟಿ ನರ್ಸಿಂಗ್, ಲ್ಯಾಬ್‌ನವರಿಗೆ ಸೋಂಕು ನಿಯಂತ್ರಣ, ರಕ್ತನಿಧಿ, ಡಯಾಲಿಸಿಸ್ ಘಟಕ, ಫಾರ್ಮಸಿಸ್ಟ್‌ಗಳಿಗೆ ಕೀಮೋಥೆರಪಿ ಡೇಕೇರ್. ಎರಡು ವರ್ಷ ಸಾಮಾನ್ಯ ವಾರ್ಡ್ ಮಾಡಿ ಆಮೇಲೆ ಅಲ್ಲಿಗೆ ಕೇಳಿ.

ಹೊರದೇಶಕ್ಕೆ?

ಬ್ರಿಟನ್‌ಗೆ ಹೋಗಲು ಭಾರತದ ನೋಂದಣಿಯ ಮೇಲೆ ಕಂಪ್ಯೂಟರ್ ಪರೀಕ್ಷೆ ಮತ್ತು ಅಲ್ಲಿ ಹೋಗಿ ಪ್ರಾಯೋಗಿಕ ಪರೀಕ್ಷೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತಿಗೆ 7, ಬರವಣಿಗೆಗೆ 6.5. ಅಮೆರಿಕಕ್ಕೆ ಅಲ್ಲಿನ ನರ್ಸ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್, 85ರಿಂದ 150 ಪ್ರಶ್ನೆ, ಐದು ಗಂಟೆ.

ಈಗಾಗಲೇ ಅಲ್ಲಿ ನೆಲೆಸಿರುವ ಕನ್ನಡಿಗರ ಮಾತು ಬೇರೆ. ಇಲ್ಲಿ ಇಲ್ಲದ ಅಡ್ಡದಾರಿ ಅಲ್ಲಿದೆ. ಅಮೆರಿಕದಲ್ಲಿ ಯಾವುದೇ ಪದವಿ ಇದ್ದವರಿಗೆ ಸುಮಾರು 12ರಿಂದ 18 ತಿಂಗಳ ವೇಗದ ಬಿಎಸ್‌ಎನ್, ಅಂದರೆ ನರ್ಸಿಂಗ್ ಪದವಿ ಇದೆ. ಬ್ರಿಟನ್‌ನಲ್ಲಿ ಹಿಂದಿನ ಕಲಿಕೆಯನ್ನು ಕೋರ್ಸಿನ ಅರ್ಧದವರೆಗೆ ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ. ಬಿ.ಫಾರ್ಮ ಮಾಡಿ ಗಂಡನ ಜೊತೆ ಹೋಗಿ ಕೂತಿರುವವರು ಇಲ್ಲಿಗೆ ಬಂದು ನಾಲ್ಕು ವರ್ಷ ಓದುವ ಅಗತ್ಯವಿಲ್ಲ.

ಹಾಗಾದರೆ ರಾಜೀನಾಮೆ ಯಾವಾಗ ಕೊಡಲಿ?

ಸೀಟು ಖಾತ್ರಿಯಾಗಿ, ಫೀಸು ಕಟ್ಟಿದ ರಸೀದಿ ಕೈಗೆ ಬಂದ ಮೇಲೆ. ಅದಕ್ಕೂ ಮುಂಚೆ, ನೀವಿರುವ ಆಸ್ಪತ್ರೆಯಲ್ಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅನುಮತಿ ಕೇಳಿ ಎರಡು ರಾತ್ರಿ ಮೆಡಿಕಲ್ ವಾರ್ಡಿನಲ್ಲಿ ಜೊತೆಗಿರಿ. ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗಿನ ಹೊತ್ತನ್ನು ತಪ್ಪಿಸಬೇಡಿ: ರಕ್ತದ ಸ್ಯಾಂಪಲ್, ಸ್ಪಂಜಿಂಗ್, ಆರು ಗಂಟೆಯ ಆಂಟಿಬಯೋಟಿಕ್, ಇನ್‌ಟೇಕ್ ಔಟ್‌ಪುಟ್ ಕೂಡುವುದು, ಹ್ಯಾಂಡೋವರ್ ಎಲ್ಲ ಒಟ್ಟಿಗೆ ಬೀಳುವುದು ಆಗಲೇ.